ಎಬಿಎ ಥೆರಪಿ: ಎರಡು ಮಾತು ಯಾಕೆ ಕೇಳಿಬರುತ್ತವೆ?

ಮಗುವಿಗೆ ಆಟಿಸಂ ಎಂದು ಗೊತ್ತಾದ ಮೇಲೆ ಬೆಂಗಳೂರಿನ ಅಪ್ಪ ಅಮ್ಮಂದಿರ ಕಿವಿಗೆ ಬೇಗ ಬೀಳುವ ಹೆಸರು ಎಬಿಎ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್), ಅಂದರೆ ನಡವಳಿಕೆಯನ್ನು ಗಮನಿಸಿ, ಅದನ್ನು ಬದಲಿಸಲು ಕಲಿಸುವ ಥೆರಪಿ. ‘ಮಾಡಿಸಲೇಬೇಕು’ ಅನ್ನುವವರಿದ್ದಾರೆ. ‘ಆ ಕಡೆ ತಲೆ ಹಾಕಬೇಡಿ’ ಅನ್ನುವವರೂ ಇದ್ದಾರೆ. ಎಷ್ಟೋ ಸಲ ಇಬ್ಬರ ಮನಸ್ಸಿನಲ್ಲಿರುವುದು ಬೇರೆ ಬೇರೆ ಕಾಲದ ಎಬಿಎ.

ಇದರ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿದೆ. ಫಲ ಸಿಕ್ಕ ನಡವಳಿಕೆ ಮತ್ತೆ ಮತ್ತೆ ಬರುತ್ತದೆ, ಅಷ್ಟೇ. 1960ರ ದಶಕದಲ್ಲಿ ಇದು ಮಕ್ಕಳ ಬಳಿ ಬಂತು. ಸರಿ ಮಾಡಿದರೆ ತಿಂಡಿ, ಹೊಗಳಿಕೆ. ತಪ್ಪು ಮಾಡಿದರೆ ಗದರಿಕೆ, ಏಟು, ಕೆಲವು ಕಡೆ ಕರೆಂಟ್ ಶಾಕ್ ಕೂಡ. 1987ರಲ್ಲಿ ಲಾಸ್ ಏಂಜಲೀಸ್‌ನ ಮನಶ್ಶಾಸ್ತ್ರಜ್ಞ ಐವರ್ ಲೊವಾಸ್ ಒಂದು ವರದಿ ಪ್ರಕಟಿಸಿದರು: ವಾರಕ್ಕೆ 40 ಗಂಟೆ ಕಲಿಸಿದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಒಂದನೇ ತರಗತಿ ಮುಗಿಸಿದರು. ಗುಂಪು ಚಿಕ್ಕದು, ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿರಲೂ ಇಲ್ಲ. ಆದರೂ ಆ ‘40 ಗಂಟೆ’ ಜನರ ಬಾಯಲ್ಲಿ ಉಳಿದುಬಿಟ್ಟಿತು.

ಅದಕ್ಕಿಂತ ದೊಡ್ಡ ತಿರುವು ಅದಾಗಲೇ ಬಂದಿತ್ತು. ಅದರ ಬಗ್ಗೆ ಮಾತು ಕಡಿಮೆ. 1982ರಲ್ಲಿ ಅಮೆರಿಕದ ಸಂಶೋಧಕ ಬ್ರಯಾನ್ ಇವಾಟ ಮತ್ತು ಜೊತೆಗಾರರು, ತಮ್ಮನ್ನು ತಾವೇ ಹೊಡೆದುಕೊಳ್ಳುವ, ಕಚ್ಚಿಕೊಳ್ಳುವ 9 ಮಂದಿಯನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಕೂರಿಸಿ ನೋಡಿದರು. ಒಮ್ಮೆ ದೊಡ್ಡವರು ಏನೋ ಓದುತ್ತಾ ಕೂತು, ಹೊಡೆದುಕೊಂಡಾಗ ಮಾತ್ರ ‘ಹಾಗೆ ಮಾಡಬೇಡ’ ಎಂದು ಹತ್ತಿರ ಬರುತ್ತಿದ್ದರು. ಒಮ್ಮೆ ಕಷ್ಟದ ಕೆಲಸ ಕೊಟ್ಟು, ಹೊಡೆದುಕೊಂಡರೆ ಬಿಟ್ಟುಬಿಡುತ್ತಿದ್ದರು. ಒಮ್ಮೆ ಒಂಟಿಯಾಗಿ, ಒಮ್ಮೆ ಆಟದ ಜೊತೆ. ಆರು ಮಂದಿಯಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಸನ್ನಿವೇಶದಲ್ಲಿ ಅದು ಜಾಸ್ತಿಯಾಗುತ್ತಿತ್ತು. ನೋಡಿದವರಿಗೆ ಒಂದೇ ರೀತಿಯ ಹಠ, ಕಾರಣ ಮಾತ್ರ ಬೇರೆ.

1985ರಲ್ಲಿ ಕಾರ್ ಮತ್ತು ಡ್ಯುರಾಂಡ್ ಎಂಬ ಸಂಶೋಧಕರು ಇದನ್ನು ಕಲಿಕೆಗೆ ತಿರುಗಿಸಿದರು. ಕೆಲಸ ಕಷ್ಟವಾಗಿ ರೇಗುವ ಮಗುವಿಗೆ ‘ನನಗೆ ಅರ್ಥ ಆಗ್ತಿಲ್ಲ’ ಎನ್ನಲು ಕಲಿಸಿದರು. ಗಮನ ಬೇಕಾದ ಮಗುವಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ?’ ಎಂದು ಕೇಳಲು ಕಲಿಸಿದರು. ಗಲಾಟೆ ಇಳಿಯಿತು. ಆದರೆ ಮಾತು ಅದಲುಬದಲಾದರೆ ಉಪಯೋಗವಿಲ್ಲ. ಗಮನ ಬೇಕಿದ್ದ ಮಗು ‘ಅರ್ಥ ಆಗ್ತಿಲ್ಲ’ ಎಂದು ಹೇಳಿದರೆ ಏನು ಸಿಗುತ್ತದೆ? ಮಾತು ಬಾರದ ಮಕ್ಕಳಿಗೆ ಇದೇ ಕೆಲಸವನ್ನು ಚಿತ್ರದ ಕಾರ್ಡ್, ಕೈಸನ್ನೆಯಿಂದ ಮಾಡಿಸಬಹುದು.

ಟೀಕೆ ಮುಗಿದಿಲ್ಲ. ಆಟಿಸಂ ಇರುವ ಕೆಲವು ಮಕ್ಕಳು ಕೈಗಳನ್ನು ಪಟಪಟ ಅಲ್ಲಾಡಿಸುವುದರಿಂದ ಯಾರಿಗೂ ತೊಂದರೆಯಿಲ್ಲ, ಅದನ್ನು ಬಿಡಿಸುವುದು ಯಾರ ಸಮಾಧಾನಕ್ಕೆ ಎಂದು ಆಟಿಸಂ ಇರುವ ದೊಡ್ಡವರೇ ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ, ಅಲ್ವಾ? ಶಾಕ್ ಕೂಡ ಪೂರ್ತಿ ಹಳೇ ಕಥೆಯಲ್ಲ. ಹಾನಿ ಮಾಡಿಕೊಳ್ಳುವುದನ್ನು ತಡೆಯಲು ಬಳಸುತ್ತಿದ್ದ ಶಾಕ್ ಸಾಧನವನ್ನು ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನಿಷೇಧಿಸಿದ್ದು 2020ರಲ್ಲಿ. ಮರುವರ್ಷ ಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ಇತ್ತ ಎಬಿಎ ಪ್ರಮಾಣಪತ್ರ ಕೊಡುವ ಅಮೆರಿಕದ ಮುಖ್ಯ ಮಂಡಳಿ 2023ರಿಂದ ಕೆಲವೇ ದೇಶಗಳ ಅರ್ಜಿ ತೆಗೆದುಕೊಳ್ಳುತ್ತಿದೆ. ಆ ದೇಶಗಳಲ್ಲಿ ಭಾರತವಿಲ್ಲ. ಹಾಗಾಗಿ ಸೆಂಟರ್‌ನ ಬೋರ್ಡ್ ನೋಡಿ ಗುಣ ಅಳೆಯುವುದು ಇನ್ನಷ್ಟು ಕಷ್ಟ. ‘ನಮ್ಮ ಮಗು ಯಾಕೆ ಹೀಗೆ ಮಾಡುತ್ತದೆ, ನೀವು ಹೇಗೆ ಕಂಡುಹಿಡಿದಿರಿ?’ ಎಂದು ಮೊದಲ ದಿನಗಳಲ್ಲೇ ಕೇಳಬಹುದು. ಉತ್ತರ ಬರೀ ‘ಹಠ’ ಎಂದಾದರೆ, 1982ರ ಕೆಲಸ ಆ ಕೋಣೆಗೆ ಇನ್ನೂ ತಲುಪಿಲ್ಲ.