ಓವರ್‌ಕ್ಲಾಕಿಂಗ್ ಅಂದರೆ ಏನು? ಕೊಡಗಿನ ಮನೆಯ ಗೇಮಿಂಗ್ ಕಂಪ್ಯೂಟರ್‌ಗೆ ಅದರಿಂದ ಎಷ್ಟು ಲಾಭ?

ಪ್ರೊಸೆಸರ್ ಡಬ್ಬದ ಮೇಲೆ 3.5 ಗಿಗಾಹರ್ಟ್ಸ್ ಎಂದು ಬರೆದಿದ್ದರೆ, ಅದರೊಳಗಿನ ಗಡಿಯಾರ ಸೆಕೆಂಡಿಗೆ 350 ಕೋಟಿ ಸಲ ಬಡಿಯುತ್ತದೆ ಎಂದು ಅರ್ಥ. ಒಂದೊಂದು ಬಡಿತಕ್ಕೂ ಚಿಪ್ ಒಂದೊಂದು ಹೆಜ್ಜೆ ಕೆಲಸ ಮುಗಿಸುತ್ತದೆ. ಕಂಪನಿ ಹೇಳಿದ ವೇಗವನ್ನು ಮೀರಿ ಚಿಪ್ ಓಡಿಸುವುದೇ ಓವರ್‌ಕ್ಲಾಕಿಂಗ್. ಪ್ರೊಸೆಸರ್‌ಗೆ ಮಾಡಬಹುದು, ಗ್ರಾಫಿಕ್ಸ್ ಕಾರ್ಡ್‌ಗೆ ಮಾಡಬಹುದು, ರ‍್ಯಾಮ್‌ಗೂ ಮಾಡಬಹುದು. ಮಾಡುವ ವಿಧಾನ ಕಷ್ಟದ್ದೇನಲ್ಲ. ಮದರ್‌ಬೋರ್ಡ್ ಕೊಡುವ ಮೂಲ ಬಡಿತ 100 ಮೆಗಾಹರ್ಟ್ಸ್. ಅದನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಪ್ರೊಸೆಸರ್ ವೇಗ ಸಿಗುತ್ತದೆ. ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋಗಿ, ಮಲ್ಟಿಪ್ಲೈಯರ್ 42 ಇದ್ದದ್ದನ್ನು 45 ಮಾಡಿದರೆ, 4.2 ಗಿಗಾಹರ್ಟ್ಸ್ ಇದ್ದದ್ದು 4.5 ಆಗುತ್ತದೆ. ಕಷ್ಟ ಇರುವುದು ಆಮೇಲೆ, ಆ ವೇಗವನ್ನು ಉಳಿಸಿಕೊಳ್ಳುವುದರಲ್ಲಿ.

ಹಾಗಾದರೆ ಕಂಪನಿಯವರೇ 4.5 ಎಂದು ಬರೆದು ಮಾರಬಹುದಿತ್ತು ಅಲ್ವಾ? ಒಂದೇ ಸಿಲಿಕಾನ್ ತಟ್ಟೆಯಿಂದ ಕತ್ತರಿಸಿದ ಚಿಪ್‌ಗಳೂ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಒಂದೇ ತೋಟದ ಕಾಫಿ ಬೀಜವನ್ನು ಜರಡಿಗೆ ಹಾಕಿ ಎಎ, ಎ, ಬಿ, ಪೀಬೆರಿ ಎಂದು ಬೇರೆ ಮಾಡುತ್ತಾರಲ್ಲ, ಹಾಗೆಯೇ ಚಿಪ್ ಕಾರ್ಖಾನೆಯಲ್ಲೂ ಒಂದೊಂದನ್ನೂ ಪರೀಕ್ಷೆ ಮಾಡಿ ಗ್ರೇಡ್ ಕೊಡುತ್ತಾರೆ. ಇದಕ್ಕೆ ಬಿನ್ನಿಂಗ್ ಎನ್ನುತ್ತಾರೆ. ಒಂದು ಗ್ರೇಡಿನ ಅತಿ ಸಾಧಾರಣ ಚಿಪ್ ಕೂಡ ಸೆಕೆಯ ಕೋಣೆಯಲ್ಲಿ, ಅಗ್ಗದ ಕೂಲರ್ ಇಟ್ಟುಕೊಂಡು, ವರ್ಷಗಟ್ಟಲೆ ತಪ್ಪಿಲ್ಲದೆ ಓಡಬೇಕು. ಆ ವೇಗವನ್ನೇ ಡಬ್ಬದ ಮೇಲೆ ಬರೆಯುತ್ತಾರೆ. ನಿಮಗೆ ಸಿಕ್ಕಿದ ಚಿಪ್ ಅದಕ್ಕಿಂತ ಚೆನ್ನಾಗಿದ್ದರೆ ನಡುವೆ ಒಂದಷ್ಟು ಜಾಗ ಉಳಿಯುತ್ತದೆ. ಓವರ್‌ಕ್ಲಾಕ್ ಮಾಡುವವರು ಬಳಸಿಕೊಳ್ಳುವುದು ಆ ಜಾಗವನ್ನು.

ಹಿಂದೆ ಈ ಜಾಗ ತುಂಬಾ ದೊಡ್ಡದಿತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್‌ನ ವೇಗ 300 ಮೆಗಾಹರ್ಟ್ಸ್. ಬೋರ್ಡಿನ ಬಸ್ ವೇಗವನ್ನು, ಅಂದರೆ ಆಗಿನ ಮೂಲ ಬಡಿತವನ್ನು, 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಅದು 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು! ಈಗ ಅಷ್ಟು ಸಿಗುವುದಿಲ್ಲ. 2008ರಲ್ಲಿ ಇಂಟೆಲ್‌ನ ಮೊದಲ ಕೋರ್ ಐ7 ಜೊತೆ ಟರ್ಬೊ ಬೂಸ್ಟ್ ಬಂತು. ಅಲ್ಲಿಂದೀಚೆಗೆ ಪ್ರೊಸೆಸರ್‌ಗಳು ತಮ್ಮ ಬಿಸಿಯನ್ನೂ ವಿದ್ಯುತ್ತನ್ನೂ ತಾವೇ ನೋಡಿಕೊಂಡು, ಆದಷ್ಟು ವೇಗಕ್ಕೆ ತಾವೇ ಏರುತ್ತವೆ. ಉಳಿದ ಜಾಗದ ಬಹುಪಾಲನ್ನು ಕಂಪನಿಯೇ ಬಳಸಿ ಮುಗಿಸಿರುತ್ತದೆ. ಇವತ್ತಿನ ಪ್ರೊಸೆಸರ್‌ನಲ್ಲಿ ಕೈಯಾರೆ ಏರಿಸಿದರೆ ಆಟದಲ್ಲಿ ಸಿಗುವ ಲಾಭ ಸಾಮಾನ್ಯವಾಗಿ ಕೆಲವೇ ಶೇಕಡಾ. ಪರದೆಯಲ್ಲಿ ಸೆಕೆಂಡಿಗೆ ಮೂಡುವ ಚಿತ್ರ, ಅಂದರೆ ಫ್ರೇಮ್, 60 ಇದ್ದದ್ದು 63 ಆಗಬಹುದು.

ಅದಕ್ಕೆ ಕೊಡುವ ಬೆಲೆ ಮಾತ್ರ ಕಡಿಮೆ ಅಲ್ಲ. ವೇಗ ಏರಿಸಿದಾಗ ಚಿಪ್ ತಡವರಿಸುತ್ತದೆ. ಅದನ್ನು ನಿಲ್ಲಿಸಲು ವೋಲ್ಟೇಜ್ ಏರಿಸಬೇಕು. ಚಿಪ್ ನುಂಗುವ ವಿದ್ಯುತ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. 4.2 ಗಿಗಾಹರ್ಟ್ಸ್, 1.20 ವೋಲ್ಟ್‌ನಲ್ಲಿ 90 ವ್ಯಾಟ್ ತಿನ್ನುತ್ತಿದ್ದ ಚಿಪ್ಪನ್ನು 4.5 ಗಿಗಾಹರ್ಟ್ಸ್, 1.35 ವೋಲ್ಟ್‌ಗೆ ಒಯ್ದರೆ ಲೆಕ್ಕದ ಪ್ರಕಾರ 122 ವ್ಯಾಟ್ ಬೇಕು. ವೇಗ 7 ಶೇಕಡಾ ಜಾಸ್ತಿ, ವಿದ್ಯುತ್ 36 ಶೇಕಡಾ ಜಾಸ್ತಿ. ಹೆಚ್ಚಾದ ಆ ವಿದ್ಯುತ್ತೆಲ್ಲ ಬಿಸಿಯಾಗಿ ಹೊರಗೆ ಬರುತ್ತದೆ. ಮಿತಿ ಮೀರಿದ ವೋಲ್ಟೇಜ್ ಚಿಪ್ಪನ್ನು ಒಳಗಿಂದ ಸವೆಸುತ್ತದೆ, ಸವೆದದ್ದು ಮತ್ತೆ ಸರಿಯಾಗುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಯಾರೂ ಓವರ್‌ಕ್ಲಾಕ್ ಮಾಡದೆಯೇ ಹೀಗೆ ಕೆಟ್ಟವು. ಅದಕ್ಕೆ 2024ರ ಆಗಸ್ಟ್‌ನಲ್ಲಿ ಹೊಸ ಮೈಕ್ರೊಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ಬಂತು, ವಾರಂಟಿಯನ್ನೂ ಎರಡು ವರ್ಷ ಮುಂದೆ ಹಾಕಿದರು. ಹೀಗಾಗಿ ಬಯೋಸ್‌ನ ವೋಲ್ಟೇಜ್ ಸಂಖ್ಯೆಯನ್ನು ಸುಮ್ನೆ ನೋಡೋಣ ಎಂದು ಮುಟ್ಟಬೇಡಿ.

ಆದರೆ ಒಂದು ಓವರ್‌ಕ್ಲಾಕಿಂಗ್ ಮಾತ್ರ ಎಲ್ಲರೂ ಮಾಡಲೇಬೇಕು. ಅದು ರ‍್ಯಾಮ್‌ನದ್ದು. 3200 ಎಂದು ಬರೆದ ಡಿಡಿಆರ್4 ರ‍್ಯಾಮ್ ಕೊಂಡು ಹಾಕಿದರೆ, ಎಷ್ಟೋ ಸಲ ಅದು 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. 6000 ಎಂದು ಬರೆದ ಡಿಡಿಆರ್5, 4800ರಲ್ಲಿ ಇರುತ್ತದೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಆನ್ ಮಾಡಿದಾಗಲೇ ಬರೆದ ವೇಗ ಸಿಗುವುದು. ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ಪುಟದಲ್ಲಿ ಈಗಲೇ ನೋಡಿ. ದುಡ್ಡು ಕೊಟ್ಟು ತಂದ ವೇಗವನ್ನು ವರ್ಷಗಟ್ಟಲೆ ಬಳಸದೆ ಇಟ್ಟವರು ಬಹಳ ಮಂದಿ. ಅದೇ ಪುಟದಲ್ಲಿ ಎಷ್ಟು ಸ್ಲಾಟ್ ತುಂಬಿದೆ ಎಂದೂ ಕಾಣುತ್ತದೆ. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಆಟಕ್ಕೆ ಒಳ್ಳೆಯದು, ಆಗ ಮೆಮೊರಿಗೆ ಎರಡು ದಾರಿ ಸಿಗುತ್ತದೆ.

ಹೊಸ ಪಾರ್ಟ್ ಕೊಳ್ಳುವ ಮುಂಚೆ, ನಿಮ್ಮ ಆಟವನ್ನು ತಡೆದು ನಿಲ್ಲಿಸುತ್ತಿರುವುದು ಯಾವುದು ಎಂದು ತಿಳಿಯಬೇಕು. ಆಟದ ರೆಸಲ್ಯೂಷನ್ ಇಳಿಸಿ ನೋಡಿ. ಫ್ರೇಮ್ ಚೆನ್ನಾಗಿ ಏರಿದರೆ ಸೋತದ್ದು ಗ್ರಾಫಿಕ್ಸ್ ಕಾರ್ಡ್. ಏರದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಸೋತಿರುವ ಕಡೆ ಪ್ರೊಸೆಸರ್‌ನ ವೇಗ ಎಷ್ಟು ಏರಿಸಿದರೂ ಪ್ರಯೋಜನ ಇಲ್ಲ.

ಯಾವ ಪಾರ್ಟ್‌ನಲ್ಲಿ ಓವರ್‌ಕ್ಲಾಕ್ ಆಗುತ್ತದೆ ಎಂಬುದು ಕೊಳ್ಳುವಾಗಲೇ ತೀರ್ಮಾನವಾಗಿರುತ್ತದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಬೇಕು, ಝಡ್ ಸರಣಿಯ ಬೋರ್ಡ್ ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಆಗುವುದಿಲ್ಲ. ಬಿ760 ಬೋರ್ಡ್‌ನಲ್ಲಿ ರ‍್ಯಾಮ್ ವೇಗ ಏರಿಸಬಹುದು, ಎಚ್610ರಲ್ಲಿ ಅದೂ ಇಲ್ಲ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯವರು ಧಾರಾಳಿಗಳು. ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವು ಬೀಗ ಇಲ್ಲದವು, ಅಂದರೆ ಮಲ್ಟಿಪ್ಲೈಯರ್ ಬದಲಿಸಬಹುದಾದವು, ಬಿ450, ಬಿ550, ಬಿ650ರಂಥ ಸಾಧಾರಣ ಬೆಲೆಯ ಬೋರ್ಡ್ ಸಾಕು. ಎ520, ಎ620 ಬೋರ್ಡ್‌ಗಳಲ್ಲಿ ಮಾತ್ರ ಪ್ರೊಸೆಸರ್ ಓವರ್‌ಕ್ಲಾಕ್ ಆಗುವುದಿಲ್ಲ.

ನಿಮ್ಮ ಬಳಿ ಹಳೆಯ ಬಿ450 ಬೋರ್ಡ್, ರೈಜನ್ 2600 ಇದ್ದರೆ ಓವರ್‌ಕ್ಲಾಕ್ ಯೋಚನೆ ಬಿಟ್ಟುಬಿಡಿ. ಅದೇ ಬೋರ್ಡಿಗೆ ರೈಜನ್ 5600 ಕೂರುತ್ತದೆ. 2022ರಲ್ಲಿ ಬಂದ 5800ಎಕ್ಸ್3ಡಿ ಕೂಡ ಕೂರುತ್ತದೆ. ಈ ಎರಡನೆಯದರ ಮಲ್ಟಿಪ್ಲೈಯರ್‌ಗೆ ಬೀಗ ಇದೆ, ಆದರೂ 96 ಎಂಬಿ ಎಲ್3 ಕ್ಯಾಶ್‌ನಿಂದಾಗಿ (ಚಿಪ್ ಒಳಗಿನ ಅತಿ ವೇಗದ ಮೆಮೊರಿ) ಆಟಗಳಲ್ಲಿ ಅದು ಮುಂದೆ ನಿಲ್ಲುತ್ತದೆ. ಪ್ರೊಸೆಸರ್ ಬದಲಿಸುವ ಮುಂಚೆ ಬಯೋಸ್ ಅಪ್‌ಡೇಟ್ ಮಾಡಬೇಕು. ಇಲ್ಲಿ ಕೊಡಗಿನವರು ಎಚ್ಚರ ಇರಬೇಕು. ಅಪ್‌ಡೇಟ್ ನಡೆಯುವ ಆ ಕೆಲವು ನಿಮಿಷ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದೇ ಹೋಗಬಹುದು. ಕಕ್ಕಡದ ಮಳೆಯಲ್ಲಿ, ತೋಟದ ನಡುವೆ ಹಾದು ಬರುವ ಲೈನ್ ಮೇಲೆ ಕೊಂಬೆ ಬೀಳುವುದಕ್ಕೆ ಹೊತ್ತುಗೊತ್ತು ಇಲ್ಲ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹೊಸ ಬೋರ್ಡ್ ಕೊಳ್ಳುವುದಾದರೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವುದನ್ನೇ ಹುಡುಕಿ. ಅಪ್‌ಡೇಟ್ ಅರ್ಧಕ್ಕೆ ನಿಂತರೂ ಪೆನ್‌ಡ್ರೈವ್‌ನಿಂದ ಬೋರ್ಡನ್ನು ಎಬ್ಬಿಸಬಹುದು.

ಕೊಡಗಿನಲ್ಲಿ ತಂಪು ನಮ್ಮ ಕಡೆ ಇದೆ, ಕರೆಂಟ್ ನಮ್ಮ ಕಡೆ ಇಲ್ಲ. ಗೇಮಿಂಗ್ ಪಾರ್ಟ್ ಆರಿಸುವ ನಮ್ಮ ಲೆಕ್ಕ ಬೆಂಗಳೂರಿನವರ ಲೆಕ್ಕಕ್ಕಿಂತ ಬೇರೆಯಾಗುವುದು ಇದರಿಂದಲೇ. ಅವರು ದುಬಾರಿ ಲಿಕ್ವಿಡ್ ಕೂಲರ್‌ಗೆ ಹಾಕುವ ದುಡ್ಡನ್ನು ನಾವು ಎಸ್‌ಎಂಪಿಎಸ್‌ಗೂ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಯುಪಿಎಸ್‌ಗೂ ಹಾಕಬೇಕು. ಮಡಿಕೇರಿಯಲ್ಲಿ ಒಳ್ಳೆಯ ಏರ್ ಕೂಲರ್ ಒಂದಿದ್ದರೆ ಧಾರಾಳ ಸಾಕು.

ಎಸ್‌ಎಂಪಿಎಸ್ ಕೊಳ್ಳುವಾಗ ಎಲ್ಲರೂ ವ್ಯಾಟ್ ಕೇಳುತ್ತಾರೆ. ನೀವು ಅದರ ಲೇಬಲ್‌ನಲ್ಲಿ ಇನ್‌ಪುಟ್ ವೋಲ್ಟೇಜ್ ಓದಿ. ಕೆಲವು ಅಗ್ಗದ ಮಾಡೆಲ್‌ಗಳ ಮೇಲೆ 200–240 ಎಂದು ಇರುತ್ತದೆ, ಬೇರೆಯವುಗಳ ಮೇಲೆ 100–240. ಸಂಜೆ ಹೊತ್ತು ಲೈನಿನ ಕೊನೆಯ ಮನೆಗಳಲ್ಲಿ 230 ಇರಬೇಕಾದ ವೋಲ್ಟೇಜ್ 170ಕ್ಕೆ ಇಳಿದರೆ, ಮೊದಲನೆಯದು ಆಟದ ನಡುವೆ ರೀಸ್ಟಾರ್ಟ್ ಆಗಬಹುದು. ಎರಡನೆಯದು ತಡೆದುಕೊಳ್ಳುತ್ತದೆ. ಆದರೆ ಅದೇ 300 ವ್ಯಾಟ್ ಎಳೆಯಲು 1.3 ಆಂಪಿಯರ್ ಬದಲು ಸುಮಾರು 1.8 ಆಂಪಿಯರ್ ಎಳೆಯಬೇಕಾಗುತ್ತದೆ, ಬಿಸಿಯೂ ಜಾಸ್ತಿಯಾಗುತ್ತದೆ. ರೈಜನ್ 5600 ಮತ್ತು ಆರ್‌ಟಿಎಕ್ಸ್ 4060 ಇರುವ ಕಂಪ್ಯೂಟರ್ ಆಟದಲ್ಲಿ 250 ವ್ಯಾಟ್‌ನ ಆಸುಪಾಸಿನಲ್ಲೇ ಇರುತ್ತದೆ. ಆದರೂ ನಾನು 550 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಹಾಕಿ ಎನ್ನುವುದು ಈ ಸಂಜೆಯ ವೋಲ್ಟೇಜ್ ನೆನೆದು. ಕಂಪ್ಯೂಟರ್ ಬಿದ್ದಾಗಲೆಲ್ಲ ಓವರ್‌ಕ್ಲಾಕ್ ಕಾರಣ ಅಂದುಕೊಳ್ಳಬೇಡಿ. ಹಗಲು ಚೆನ್ನಾಗಿ ಓಡಿ ಸಂಜೆ ಮಾತ್ರ ಬೀಳುತ್ತಿದ್ದರೆ ಗೋಡೆಯ ವೋಲ್ಟೇಜ್ ಅಳೆಸಿ ನೋಡಿ.

ಮನೆಯ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಯಾಕೆ ಎಂದು ಕೇಳುವವರಿದ್ದಾರೆ. ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತನ್ನಲ್ಲಿ ಉಳಿದ ವಿದ್ಯುತ್ತಿನಿಂದ 15 ಮಿಲಿಸೆಕೆಂಡಿನ ಆಸುಪಾಸು ಮಾತ್ರ ತಾಳುತ್ತದೆ. ಇನ್ವರ್ಟರ್ ಅಷ್ಟರಲ್ಲಿ ಕೈಗೆತ್ತಿಕೊಳ್ಳಬೇಕು. ಹಲವು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್‌ನ ಸ್ವಿಚ್ ಇರುತ್ತದೆ, ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಸೈನ್ ವೇವ್ ಇನ್ವರ್ಟರ್ ಆಗಿದ್ದರೆ ಇಷ್ಟೇ ಸಾಕಾಗಬಹುದು. ಬೇರೆ ಯುಪಿಎಸ್ ತರುವುದಾದರೆ ವಿಎ ನೋಡಿ ಮೋಸ ಹೋಗಬೇಡಿ. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್.

ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆ. ಅದನ್ನು ಸರಿ ಮಾಡಿಸದೆ ಹೊಸ ಕಾರ್ಡ್ ಹಾಕುವುದು ಬೇಡ. ಹೂಮಳೆಯ ಹೊತ್ತಿನ ಗುಡುಗು ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು, ರೌಟರ್‌ನಿಂದ ಬರುವ ಕೇಬಲ್ಲನ್ನೂ ಕೀಳಬೇಕು. ಮಳೆಗಾಲದಲ್ಲಿ ದಿನಕ್ಕೆ ಒಂದಷ್ಟು ಹೊತ್ತು ಕಂಪ್ಯೂಟರ್ ಓಡಿಸಿ. ಅದರ ಬಿಸಿಯೇ ಒಳಗಿನ ಥಂಡಿ ತೆಗೆಯುತ್ತದೆ.

ಕರೆಂಟ್‌ನ ಈ ಪಾಡಿಗೆ ಓವರ್‌ಕ್ಲಾಕಿಂಗ್‌ನ ತಮ್ಮನಂತಿರುವ ಅಂಡರ್‌ವೋಲ್ಟಿಂಗ್ ಚೆನ್ನಾಗಿ ಹೊಂದುತ್ತದೆ. ವೇಗ ಹಾಗೇ ಇಟ್ಟು ವೋಲ್ಟೇಜ್ ಸ್ವಲ್ಪ ಇಳಿಸುವುದು. ಉಳಿದ ಜಾಗವನ್ನು ಇದೂ ಬಳಸುತ್ತದೆ, ಆದರೆ ಇನ್ನೊಂದು ದಿಕ್ಕಿಗೆ. ಗ್ರಾಫಿಕ್ಸ್ ಕಾರ್ಡ್‌ಗೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದ ವೋಲ್ಟೇಜ್ ಕರ್ವ್, ರೈಜನ್ 5000 ಮತ್ತು ಆಮೇಲಿನ ಹೆಚ್ಚಿನವುಗಳಿಗೆ ಬಯೋಸ್‌ನ ಕರ್ವ್ ಆಪ್ಟಿಮೈಸರ್. ಫ್ರೇಮ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬಿಸಿ ಇಳಿಯುತ್ತದೆ, ಫ್ಯಾನ್ ಸದ್ದು ಇಳಿಯುತ್ತದೆ, ಯುಪಿಎಸ್ ಇನ್ನಷ್ಟು ಹೊತ್ತು ಬರುತ್ತದೆ. ನನ್ನನ್ನು ಕೇಳಿದರೆ ಕೊಡಗಿನ ಮನೆಗೆ ಮೊದಲು ಇದನ್ನೇ ಮಾಡಿ ಎನ್ನುತ್ತೇನೆ.

ವೇಗ ಏರಿಸಲಿ, ವೋಲ್ಟೇಜ್ ಇಳಿಸಲಿ, ಪರೀಕ್ಷೆ ಕಡ್ಡಾಯ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಚಿಕ್ಕದು. ಪರೀಕ್ಷೆಗೆ ತಂತ್ರಾಂಶಗಳಿವೆ. ಪ್ರೊಸೆಸರ್‌ಗೆ ಸಿನೆಬೆಂಚ್, ಆಮೇಲೆ ಪ್ರೈಮ್95. ರ‍್ಯಾಮ್‌ಗೆ ಮೆಮ್‌ಟೆಸ್ಟ್86 ರಾತ್ರಿಯಿಡೀ. ಬಿಸಿ ನೋಡಲು ಎಚ್‌ಡಬ್ಲ್ಯೂಇನ್ಫೊ. ರ‍್ಯಾಮ್ ಪರೀಕ್ಷೆಯನ್ನು ಬಿಡಲೇಬೇಡಿ, ತಪ್ಪು ಬೀಳುವ ರ‍್ಯಾಮ್ ಸದ್ದಿಲ್ಲದೆ ಫೈಲುಗಳನ್ನು ಕೆಡಿಸುತ್ತದೆ. ಜನವರಿಯ ಚಳಿಯಲ್ಲಿ ಗಟ್ಟಿ ನಿಂತ ವೇಗ ಏಪ್ರಿಲ್‌ನ ಮಧ್ಯಾಹ್ನ ನಿಲ್ಲುತ್ತದೆ ಎಂಬ ಭರವಸೆ ಇಲ್ಲ. ಮಡಿಕೇರಿಯಲ್ಲಿ ಸರಿ ಇದ್ದದ್ದು ಕುಶಾಲನಗರದ ಸೆಕೆಯಲ್ಲಿ ಬೀಳಬಹುದು. ಚಳಿಗಾಲದಲ್ಲಿ ಹೊಂದಿಸಿದ್ದನ್ನು ಬೇಸಿಗೆಯಲ್ಲಿ ಇನ್ನೊಂದು ಸಲ ಪರೀಕ್ಷಿಸಿ, ಇಲ್ಲವೇ ಮೊದಲೇ 100 ಮೆಗಾಹರ್ಟ್ಸ್ ಕೆಳಗೆ ನಿಲ್ಲಿಸಿ.

ಬದಲಾಯಿಸುವ ಮುಂಚೆ ಬಯೋಸ್‌ನ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ಕಂಪ್ಯೂಟರ್ ಆನ್ ಆಗಿ ಪರದೆ ಕಪ್ಪಾಗೇ ಉಳಿದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿದರೆ ಹೆಚ್ಚಿನ ಬೋರ್ಡ್‌ಗಳು ಕಂಪನಿಯ ಮೂಲ ವೇಗಕ್ಕೆ ಮರಳುತ್ತವೆ. ಬ್ಯಾಟರಿ ಹಳೆಯದಾಗಿದ್ದರೆ ಅದೇ ಹೊತ್ತಿಗೆ ಬದಲಾಯಿಸಿ. ಸಿಆರ್2032 ಎಂದು ಕೇಳಿ, ಗೋಣಿಕೊಪ್ಪದ ವಾಚ್ ಅಂಗಡಿಯಲ್ಲೂ ಸಿಗುತ್ತದೆ.