ಬೀಗದ ಗುರುತಿತ್ತು, ಆದರೂ ಖಾತೆ ಹೇಗೆ ಹೋಯಿತು?

ಪ್ರಶ್ನೆ: ವಿಶ್ವವಿದ್ಯಾಲಯದ ಗ್ರಂಥಾಲಯದ್ದೆಂದು ಬಂದ ಇಮೇಲ್‌ನ ಕೊಂಡಿ ಒತ್ತಿ ಲಾಗಿನ್ ಆದೆ. ವಿಳಾಸದ ಪಕ್ಕದಲ್ಲಿ ಬೀಗದ ಗುರುತೂ ಇತ್ತು. ಮರುದಿನ ನನ್ನ ಖಾತೆಯಿಂದ ವಿಭಾಗದವರಿಗೆಲ್ಲ ಅಂಥದ್ದೇ ಇಮೇಲ್ ಹೋಗಿದೆ. ಇದು ಹೇಗೆ ಸಾಧ್ಯ?

ಉತ್ತರ: ಪ್ರತಿ ಸೆಮಿಸ್ಟರ್ ಆರಂಭದಲ್ಲೂ ಈ ಪ್ರಶ್ನೆ ಬರುತ್ತದೆ. ಹೊಸ ವಿದ್ಯಾರ್ಥಿಗಳೂ ಕೇಳುತ್ತಾರೆ, ಮೂವತ್ತು ವರ್ಷ ಪಾಠ ಮಾಡಿದವರೂ ಕೇಳುತ್ತಾರೆ. ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ: ಬೀಗದ ಗುರುತು ಪುಟದ ಸಾಚಾತನಕ್ಕೆ ಸಾಕ್ಷಿಯಲ್ಲ.

ಆ ಗುರುತು ಹೇಳುವುದು ಇಷ್ಟೇ: ನಿಮ್ಮ ಬ್ರೌಸರ್‌ಗೂ ವಿಳಾಸಪಟ್ಟಿಯಲ್ಲಿ ಕಾಣುವ ತಾಣಕ್ಕೂ ನಡುವಿನ ಮಾತನ್ನು ದಾರಿಯಲ್ಲಿ ಯಾರೂ ಕದ್ದು ಓದಲಾರರು. ಆ ತಾಣ ಯಾರದ್ದು ಎಂಬುದನ್ನು ಅದು ಹೇಳುವುದಿಲ್ಲ. ಲಕೋಟೆಯನ್ನು ಭದ್ರವಾಗಿ ಅಂಟಿಸಿ ಕಳ್ಳನ ವಿಳಾಸಕ್ಕೇ ಅಂಚೆಗೆ ಹಾಕಿದರೆ ಆಗುವುದೇ ಇಲ್ಲೂ ಆಗುತ್ತದೆ.

ಹಿಂದೆ ಈ ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಹಣ ಕೊಟ್ಟು ಪಡೆಯಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡತೊಡಗಿತು. ಬಹಳ ಒಳ್ಳೆಯ ಕೆಲಸ. ಆದರೆ ಮೋಸದ ಪುಟ ಕಟ್ಟುವವನಿಗೂ ಅದು ನಿಮಿಷಗಳಲ್ಲಿ ಸಿಗುತ್ತದೆ. ಜನ ತಪ್ಪಾಗಿ ತಿಳಿಯುತ್ತಾರೆ ಎಂಬ ಕಾರಣಕ್ಕೇ 2023ರಲ್ಲಿ ಕ್ರೋಮ್ ಬ್ರೌಸರ್ ವಿಳಾಸದ ಪಕ್ಕದ ಬೀಗದ ಚಿತ್ರವನ್ನು ಬದಲಿಸಿತು. ಇಷ್ಟಾದರೂ ‘ಬೀಗ ನೋಡಿ, ನಂಬಿ’ ಎಂದು ಪಾಠ ಹೇಳುವವರಿದ್ದಾರೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೋಡಬೇಕಾದದ್ದು ವಿಳಾಸವನ್ನು. ಆರಂಭದ ಜೋಡಿ ಓರೆಗೆರೆಗಳನ್ನು ದಾಟಿ ಮುಂದೆ ಸಿಗುವ ಮೊದಲ ಒಂಟಿ ಓರೆಗೆರೆಯ ಬಳಿ ನಿಲ್ಲಿ, ಅಲ್ಲಿಂದ ಹಿಂದಕ್ಕೆ ಓದಿ. ‘ಲೈಬ್ರರಿ ಡಾಟ್ ನಿಮ್ಮ ವಿಶ್ವವಿದ್ಯಾಲಯದ ಹೆಸರು ಡಾಟ್ ಲಾಗಿನ್‌ಹೆಲ್ಪ್ ಡಾಟ್ ಕಾಮ್’ ಎಂದಿದ್ದರೆ ಆ ತಾಣ ‘ಲಾಗಿನ್‌ಹೆಲ್ಪ್ ಡಾಟ್ ಕಾಮ್’ನ ಒಡೆಯನದು. ಅದರ ಎಡಕ್ಕೆ ಯಾರ ಹೆಸರನ್ನು ಬೇಕಾದರೂ ಅವನು ಅಂಟಿಸಬಲ್ಲ. ಮೊಬೈಲ್‌ನಲ್ಲಿ ಅನೇಕ ಸಲ ವಿಳಾಸ ಪೂರ್ತಿ ಕಾಣುವುದಿಲ್ಲ, ಹಾಗಾಗಿ ಪಾಸ್‌ವರ್ಡ್‌ಗಳನ್ನು ಉಳಿಸಿಟ್ಟು, ಅವು ಸೇರಿದ ವಿಳಾಸದಲ್ಲಿ ಮಾತ್ರ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ದಿನವೂ ತಾನಾಗಿ ತುಂಬುತ್ತಿದ್ದ ಅದು ಇಂದು ಸುಮ್ಮನಿದ್ದರೆ, ನೀವೇ ಟೈಪ್ ಮಾಡಲು ಹೋಗಬೇಡಿ. ಒಟಿಪಿ ಇದೆಯಲ್ಲ ಎನ್ನಬೇಡಿ. ನಕಲಿ ಪುಟ ಅದನ್ನೂ ಕೇಳಿ ಪಡೆದು ಅಸಲಿ ಪುಟಕ್ಕೆ ಆ ಕ್ಷಣವೇ ದಾಟಿಸುತ್ತದೆ. ಪಾಸ್‌ವರ್ಡ್ ಬದಲು ನಿಮ್ಮ ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವ ಪಾಸ್‌ಕೀ ಸೌಲಭ್ಯವಿದ್ದರೆ ಅದನ್ನೇ ಆರಿಸಿಕೊಳ್ಳಿ. ಅದು ಅಸಲಿ ವಿಳಾಸಕ್ಕೆ ಮಾತ್ರ ಓಗೊಡುತ್ತದೆ.

‘ನನ್ನ ಖಾತೆಯಲ್ಲಿ ಕದಿಯಲು ಏನಿದೆ?’ ಎಂದು ನೀವು ಕೇಳಿಲ್ಲ, ಆದರೆ ಅನೇಕರ ಮನಸ್ಸಿನಲ್ಲಿ ಅದು ಇರುತ್ತದೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಒಂಬತ್ತು ಇರಾನಿಯರ ಮೇಲೆ ಆರೋಪಪಟ್ಟಿಯನ್ನು ಪ್ರಕಟಿಸಿತು. ಅದರ ಪ್ರಕಾರ ಅವರು ಅಮೆರಿಕದ 144 ಮತ್ತು ಇತರ 21 ದೇಶಗಳ 176 ವಿಶ್ವವಿದ್ಯಾಲಯಗಳನ್ನು ಗುರಿಯಾಗಿಸಿಕೊಂಡು, ಸುಮಾರು 8,000 ಪ್ರಾಧ್ಯಾಪಕರ ಖಾತೆಗಳೊಳಗೆ ನುಗ್ಗಿದ್ದರು. ದೋಚಿದ್ದು ಸಂಶೋಧನೆಯ ಮಾಹಿತಿ, ವಿದ್ವತ್ ಪತ್ರಿಕೆಗಳು, ಪ್ರಬಂಧಗಳು. ಗ್ರಂಥಾಲಯ ದುಬಾರಿ ಚಂದಾ ಕಟ್ಟಿ ತರಿಸುವ ಪತ್ರಿಕೆಗಳಿಗೆ ವಿದ್ಯಾರ್ಥಿಯ ಖಾತೆಯೂ ಬಾಗಿಲೇ.

ಈಗ ನೀವು ಮಾಡಬೇಕಾದದ್ದು: ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಆಗಿ, ಕಂಪ್ಯೂಟರ್ ವಿಭಾಗಕ್ಕೆ ಇಂದೇ ತಿಳಿಸಿ. ಬಳಿಕ ಇಮೇಲ್ ಸೆಟ್ಟಿಂಗ್‌ನಲ್ಲಿ ಫಿಲ್ಟರ್ (ಬಂದ ಇಮೇಲ್‌ಗಳನ್ನು ತಾನಾಗಿ ವಿಂಗಡಿಸುವ ನಿಯಮ) ಮತ್ತು ಫಾರ್ವರ್ಡಿಂಗ್ (ಅವನ್ನು ಬೇರೆ ವಿಳಾಸಕ್ಕೆ ದಾಟಿಸುವುದು) ತೆರೆದು, ಕಳ್ಳ ಏನಾದರೂ ಸೇರಿಸಿ ಹೋಗಿದ್ದಾನೆಯೇ ನೋಡಿ. ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಮೂರು ಸಲ ಪಾಸ್‌ವರ್ಡ್ ಬದಲಿಸಿದ ಮೇಲೂ ಮಾರ್ಗದರ್ಶಕರ ಉತ್ತರಗಳು ಅವಳಿಗೆ ಕಾಣುತ್ತಿರಲಿಲ್ಲ. ನಾವಿಬ್ಬರೂ ಕುಳಿತು ಹುಡುಕಿದಾಗ, ಬಂದ ಉತ್ತರಗಳನ್ನೆಲ್ಲ ನೇರವಾಗಿ ಕಸದ ಬುಟ್ಟಿಗೆ ಕಳುಹಿಸುವ ಒಂದು ಫಿಲ್ಟರ್ ಸಿಕ್ಕಿತು. ಅದರ ಹೆಸರಿನ ಜಾಗದಲ್ಲಿ ಇದ್ದದ್ದು ಒಂದು ಚುಕ್ಕೆ ಮಾತ್ರ.