ಎಷ್ಟು ಇಂಚಿನ ಚಾಕು ಇಟ್ಟುಕೊಳ್ಳಬಹುದು?

‘ಊರಿನ ಕುಲುಮೆಯಲ್ಲಿ ಅಪ್ಪ ಒಂದು ಕತ್ತಿ ಮಾಡಿಸಿಕೊಟ್ಟಿದ್ದಾರೆ. ಬಸ್ಸಲ್ಲಿ ಬೆಂಗಳೂರಿಗೆ ತರಬಹುದಾ? ಕಾನೂನಿನ ಪ್ರಕಾರ ಎಷ್ಟು ಇಂಚಿನವರೆಗೆ ಪರವಾಗಿಲ್ಲ?’

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮೊದಲ ಭಾಗಕ್ಕೆ ಉತ್ತರ ಸುಲಭ. ಮನೆಗೆಲಸಕ್ಕೋ ತೋಟದ ಕೆಲಸಕ್ಕೋ ಮಾಡಿಸಿದ ಕತ್ತಿಯಾದರೆ ತರಬಹುದು. ಅಲಗಿಗೆ ಗೋಣಿಚೀಲ ಸುತ್ತಿ, ಬಿಗಿಯಾಗಿ ಕಟ್ಟಿ, ಬ್ಯಾಗಿನ ತಳಕ್ಕೆ ಹಾಕಿ. ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ವಿಮಾನದಲ್ಲಿ ಬರುವವರು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಲಗೇಜಿಗೆ ಹಾಕಿ.

ನನಗೆ ತಲೆನೋವು ತರುವುದು ಎರಡನೇ ಭಾಗ, ಆ ಇಂಚಿನ ಲೆಕ್ಕ. ಒಬ್ಬರು 3 ಇಂಚು ಅನ್ನುತ್ತಾರೆ. ಇನ್ನೊಬ್ಬರು 6 ಅನ್ನುತ್ತಾರೆ. ‘9 ಇಂಚಿನೊಳಗಿದ್ದರೆ ಪೊಲೀಸರು ಮುಟ್ಟೋ ಹಾಗೇ ಇಲ್ಲ’ ಎಂದು ಮೂರನೆಯವರು ಧೈರ್ಯ ಕೊಡುತ್ತಾರೆ. ಆ ಧೈರ್ಯ ನಂಬಿ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡು ಓಡಾಡುವ ಹುಡುಗರಿದ್ದಾರೆ. ಅದಕ್ಕೇ ಇನ್ನೊಮ್ಮೆ, ನಿಧಾನವಾಗಿ ಹೇಳುತ್ತೇನೆ.

9 ಇಂಚು ಅನ್ನುವುದು ಸುಳ್ಳಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದು ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು, ಕತ್ತಿ, ಕಠಾರಿಗಳು ಅಲ್ಲಿ ಒಂದು ಪ್ರತ್ಯೇಕ ವರ್ಗಕ್ಕೆ ಸೇರುತ್ತವೆ. ಅಗಲದ ಮಾತನ್ನು ಯಾರೂ ಹೇಳುವುದೇ ಇಲ್ಲ, ಗಮನಿಸಿ. ಅದಕ್ಕಿಂತ ಮುಖ್ಯವಾದ ಮಾತು ಅದೇ ಸಾಲಿನಲ್ಲಿದೆ: ಮನೆಬಳಕೆಗೆ, ಬೇಸಾಯಕ್ಕೆ, ವೈಜ್ಞಾನಿಕ ಕೆಲಸಕ್ಕೆ, ಕಾರ್ಖಾನೆಗೆ ಎಂದು ಮಾಡಿದ್ದನ್ನು ಬಿಟ್ಟು. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಮೊದಲು ನೋಡುವುದು ಇದನ್ನೇ. ಆ ವಸ್ತುವನ್ನು ಆಯುಧವಾಗಿ ಮಾಡಿದ್ದಾರಾ, ಅಥವಾ ಆಯುಧವಾಗಿ ಮಾರ್ಪಡಿಸಿದ್ದಾರಾ?

ಹಾಗಾಗಿ ಎಳನೀರು ಕೆತ್ತುವ ಮಚ್ಚು ಒಂದೂಕಾಲು ಅಡಿ ಇದ್ದರೂ ಅದು ಕೆಲಸದ ಸಾಮಾನು. ಅಜ್ಜಿಯ ಈಳಿಗೆ ಮಣೆಗೆ ಲೈಸೆನ್ಸ್ ಬೇಕಿಲ್ಲ. ಅಡುಗೆ ಚಾಕು ಮಾರುವ ಪಾತ್ರೆ ಅಂಗಡಿಯವರಿಗೂ ಬೇಕಿಲ್ಲ.

ಈಗ ತಿರುಗಿಸಿ ನೋಡಿ. 9 ಇಂಚಿನ ಗೆರೆ ಇರುವುದು ಆ ಒಂದು ನಿಯಮದಲ್ಲಿ ಮಾತ್ರ. ಬೇರೆ ಎಷ್ಟೋ ಕಾನೂನುಗಳು ಟೇಪು ಹಿಡಿದು ಅಳೆಯುವುದಿಲ್ಲ. ಮಾವಿನಕಾಯಿ ಹೆಚ್ಚುವ ಸಣ್ಣ ಚಾಕುವಿನಿಂದ ಬೇಕಂತಲೇ ಯಾರಿಗಾದರೂ ಗಾಯ ಮಾಡಿದರೂ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂ ಬರುತ್ತದೆ. 3 ವರ್ಷದವರೆಗೆ ಜೈಲು. ಗಾಯ ತೀವ್ರವಾಗಿದ್ದರೆ ಶಿಕ್ಷೆ ಇನ್ನೂ ಜಾಸ್ತಿ. ಹಬ್ಬ, ಮೆರವಣಿಗೆ, ಗಲಭೆ ಅಂದಾಗ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾಧಿಕಾರಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಂ ಪ್ರಕಾರ ಆದೇಶ ಹೊರಡಿಸುತ್ತಾರಲ್ವಾ, ಆಗ ಚಾಕು ಮಾತ್ರವಲ್ಲ, ದೊಣ್ಣೆ ಒಯ್ಯುವುದನ್ನೂ ನಿಷೇಧಿಸಬಹುದು. ‘ನಂದು ಬರೀ 5 ಇಂಚು ಸಾರ್’ ಅನ್ನುವುದು ಅಲ್ಲಿ ಉತ್ತರವಾಗುವುದಿಲ್ಲ.

ಊರು ಬದಲಾದರೆ ಅಳತೆಯೂ ಬದಲಾಗುತ್ತದೆ. ದೆಹಲಿಯಲ್ಲಿ 1980ರಿಂದ ಒಂದು ಅಧಿಸೂಚನೆ ಇದೆ. ಗುಂಡಿ ಒತ್ತಿದರೆ ಅಲಗು ಹಾರಿ ಬರುವ ಸ್ಪ್ರಿಂಗ್ ಚಾಕು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಲೈಸೆನ್ಸ್ ಇಲ್ಲದೆ ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ಮಾರಲು ಇಟ್ಟುಕೊಳ್ಳುವಂತಿಲ್ಲ. 7.62 ಸೆಂಟಿಮೀಟರ್ ಅಂದರೆ ಸರಿಯಾಗಿ 3 ಇಂಚು. ಆದರೆ ಅದು ದೆಹಲಿಗೆ, ಅದೂ ಆ ಬಗೆಯ ಚಾಕುವಿಗೆ.

6 ಇಂಚಿಗೂ ಒಂದು ಜಾಗ ಇದೆ, ವಿಮಾನದಲ್ಲಿ. ಕಿರ್ಪಾಣ ಎಂಬ ಕತ್ತಿ ಧರಿಸುವುದು ಸಿಖ್ಖರ ಧಾರ್ಮಿಕ ಆಚರಣೆಯ ಭಾಗ ಎಂದು ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಬರೆದಿದೆ. ದೇಶದೊಳಗಿನ ವಿಮಾನದಲ್ಲಿ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರದ ಕಿರ್ಪಾಣಕ್ಕೆ 2022ರ ಆದೇಶ ಅವಕಾಶ ಕೊಟ್ಟಿದೆ. ಉಳಿದ ಪ್ರಯಾಣಿಕರ ಚಾಕುವಿಗೂ ಆ 6 ಇಂಚಿಗೂ ಸಂಬಂಧವಿಲ್ಲ.

ಕಿರ್ಪಾಣದ ಮಾತು ಬಂದಾಗ ನನಗೆ ಕೊಡಗು ನೆನಪಾಗುತ್ತದೆ. ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೊಡವರಿಗೂ, ಅಲ್ಲಿನ ಜಮ್ಮಾ ಎಂಬ ಹಳೆಯ ಪದ್ಧತಿಯ ಭೂಮಿ ಹೊಂದಿದವರಿಗೂ ಆಯುಧದ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಅಲ್ಲಿ ಮುಖ್ಯವಾಗಿ ಚರ್ಚೆಯಾದದ್ದು ಕೋವಿಯ (ಬಂದೂಕಿನ) ಬಗ್ಗೆ. ಕೊಡವರ ಉಡುಪು ಕುಪ್ಯಚೇಲೆಯ ಸೊಂಟಪಟ್ಟಿಯಾದ ಚೇಲೆಗೆ ಸಿಕ್ಕಿಸುವ ಸಣ್ಣ ಪೀಚೆಕತ್ತಿ, ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಯ ಪಕ್ಕದಲ್ಲೇ ಹೂ ಮುಡಿದು ಕೂರುವ ಅಗಲ ಅಲಗಿನ ಒಡಿಕತ್ತಿ, ಇವೆರಡರ ಮಾತು ಅಲ್ಲಿ ಮುಖ್ಯವಾಗಿರಲಿಲ್ಲ.